ಖಾಕನಾಯ

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನಾನು ಭಾಲ್ಕಿಯ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ನಾನು ಓದಿದ್ದೆಲ್ಲ ಉರ್ದುವಿನಲ್ಲಿ, ಈಗ ಕಲಿಸಬೇಕಾದದ್ದು ಕನ್ನಡದಲ್ಲಿ; ಆದರೂ ಭೂಗೋಳದ ಶಬ್ದಗಳು ನನ್ನ ಬಾಯಿಗೆ ಬರುತ್ತಿದ್ದುದು ಉರ್ದುವಿನಲ್ಲೇ. ಕನ್ನಡ ಸರಿಯಾಗಿ ಬಾರದ ಮಾಸ್ತರರನ್ನು ತೆಗೆದುಹಾಕುತ್ತಾರೆಂಬ ಗುಲ್ಲು ಬೇರೆ ಎದ್ದಿತ್ತು.

ಅಂಥದ್ದರಲ್ಲಿ ಮೈಸೂರು ಕಡೆಯ ಇನ್‌ಸ್ಪೆಕ್ಟರೊಬ್ಬರು ತಪಾಸಣೆಗೆ ಬಂದರು. ನಕಾಶೆಯಲ್ಲಿ ಸುಯೆಜ್ ಮೇಲೆ ಬೆರಳಿಟ್ಟು, "ಭೂಸಂಧಿ ಎಂದರೇನು?" ಎಂದು ಮಕ್ಕಳನ್ನು ಕೇಳಿದರು. ಆ ಶಬ್ದ ನಾನೂ ಅವತ್ತೇ ಕೇಳಿದ್ದು. ಮಕ್ಕಳೆಲ್ಲ ನನ್ನ ಮುಖ ನೋಡಿದರು. ಅವರು ವರದಿ ಬರೆಯಲು ಪೆನ್ನು ತೆಗೆದರು.

ಆಗ ನಕಾಶೆಯ ಮೇಲಿನ ಬೆರಳು ನೋಡಿ, ಸಾಯಗಾಂವದ ಹುಡುಗಿ ಕಮಲಾಬಾಯಿ ಎದ್ದು ನಿಂತಳು.

"ಖಾಕನಾಯ ಕೇಳ್ತೀರೇನ್ರಿ, ಸಾಹೇಬ್ರ? ಎರಡೂ ಬಾಜು ಸಮುದ್ರ, ನಡುವ ಸಣ್ಣ ಪಟ್ಟಿ ನೆಲ ಇರ್ತದ್ರಿ. ಅದು ಎರಡು ದೊಡ್ಡ ನೆಲ ಕೂಡಸ್ತದ್ರಿ. ಅಲ್ಲಿ ಕಾಲುವಿ ಕಡದಾರಂತ, ಅದಕ್ಕ ಹಡಗಗೋಳು ಇಡೀ ಆಫ್ರಿಕಾ ಸುತ್ತೋದು ತಪ್ಪೇದ್ರಿ!"

ಇನ್‌ಸ್ಪೆಕ್ಟರು ನನ್ನತ್ತ ತಿರುಗಿದರು. "ಮೇಷ್ಟ್ರೇ, ಭೂಸಂಧಿಗೆ ಅವಳು ಹೇಳಿದ ಆ ಪದ ಇನ್ನೊಂದು ಸಲ ಹೇಳಿ, ಬರೆದುಕೊಳ್ಳುತ್ತೇನೆ."

ನಾನು ಎದೆಯುಬ್ಬಿಸಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.

ಹೊರಡುವಾಗ ಅವರು, "ಇಷ್ಟು ಚೆನ್ನಾಗಿ ಕಲಿಸಿದ್ದೀರಿ, ಸಮುದ್ರ ನೋಡಿದ್ದೀರಾ?" ಎಂದರು.

"ಎಲ್ಲಿಂದ್ರಿ, ಸಾಹೇಬ್ರ? ನಮಗ ಮಾಂಜ್ರಾ ಹೊಳಿನೇ ದೊಡ್ಡ ನೀರು," ಎಂದೆ.