ಧಾಬಳಿಯ ಮೇಲಿನ ದುರಸ್ತಿ

ಮನೆಯ ಮಿಕ್ಸರ್ ಕೆಟ್ಟು ಮೂಲೆ ಸೇರಿದರೆ ನಮ್ಮ ಯಜಮಾನರಿಗೆ ಅದು ಕಾಣಿಸುತ್ತಲೇ ಇರಲಿಲ್ಲ. ಪಾಲಿಟೆಕ್ನಿಕ್‌ನಲ್ಲಿ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸುವವರು. ಆದರೆ ಕಮಲಾಪುರದಿಂದ ಅವರ ಅಕ್ಕ ಒಂದು ಮಾತು ಹೇಳಿದರೆ ಸಾಕು, ಅದು ಆಜ್ಞೆ.

ಅಕ್ಕ ಅಲ್ಲಿನ ಹೈಸ್ಕೂಲಿನಲ್ಲಿ ಟೀಚರ್. ಹಿಂದಿನ ವರ್ಷ ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್‌ನಲ್ಲಿ ಕ್ವಿಜ್ ನಡೆದಾಗ ಯಾರು ಮೊದಲು ಕೈ ಎತ್ತಿದರು ಎನ್ನುವುದಕ್ಕೆ ಜಗಳ ಹತ್ತಿ, ಹುಡುಗಿಯರು ಅತ್ತು, ತಂದೆತಾಯಿಗಳು ವೇದಿಕೆಗೇ ಬಂದಿದ್ದರಂತೆ. ತೀರ್ಪು ಕೊಡುವ ಕುರ್ಚಿಯಲ್ಲಿ ಕೂತಿದ್ದವರು ಅಕ್ಕ. ಆಮೇಲೆ ಎಷ್ಟೋ ದಿನ ಬಜಾರಿಗೆ ಹೋದರೂ ಅದೇ ಮಾತು. ಈ ಸಲ ಅವರು ಹೆಡ್‌ಮಾಸ್ಟರಿಗೆ, “ನನ್ನ ತಮ್ಮ ಮಷಿನ್ ಮಾಡಿಕೊಡ್ತಾನ್ರಿ. ಮೊದಲು ಬಟನ್ ಒತ್ತಿದವ್ರ ದೀಪ ಮಾತ್ರ ಹತ್ತತದ” ಎಂದು ಹೇಳಿಬಿಟ್ಟಿದ್ದರು. ತಮ್ಮನಿಗೆ ಹೇಳಿದ್ದು ಬೇರೆ.

“ಮಷಿನ್ ಕೈ ಕೊಟ್ರ ಆ ಕುರ್ಚಿ ಮ್ಯಾಲ ನಾ ಕೂಡಂಗಿಲ್ಲಪಾ. ನೀನ ಬಂದು ಕೂಡು.”

ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ಆ ಮಷಿನ್ ಹುಟ್ಟಲು ಇದ್ದ ಸಮಯ ಭಾನುವಾರದ ಬೆಳಿಗ್ಗೆ ಮಾತ್ರ, ಪೂಜೆ ಮುಗಿದು ನೈವೇದ್ಯಕ್ಕೆ ಅಡುಗೆ ಆಗುವವರೆಗಿನ ಹೊತ್ತು. ಅಷ್ಟರಲ್ಲಿ ಮಡಿ ಬಿಡುವಂತಿಲ್ಲ. ಹಾಗಾಗಿ ಯಜಮಾನರು ರೇಷ್ಮೆಯ ಮಗುಟ ಉಟ್ಟುಕೊಂಡೇ, ಅತ್ತೆಯವರು ಚಳಿಗಾಲಕ್ಕೆಂದು ತೆಗೆದಿಟ್ಟ ಉಣ್ಣೆಯ ಧಾಬಳಿಯ ಮೇಲೆ ಪದ್ಮಾಸನ ಹಾಕಿ, ಗೋಪೀಚಂದನ ಒಣಗುವ ಮೊದಲೇ ಮಷಿನ್‌ನ ಚಿಪ್‌ಗಳ ಮುಂದೆ ಕೂರುತ್ತಿದ್ದರು. ದೂರದಿಂದ ನೋಡಿದವರು ಸಾಲಿಗ್ರಾಮದ ಪೂಜೆ ಇನ್ನೂ ಮುಗಿದಿಲ್ಲ ಅಂದುಕೊಳ್ಳಬೇಕು.

“ಮಡ್ಯಾಗ ಅದನ್ನ ಮುಟ್ಟಬಹುದೇನ್ರಿ?” ಎಂದು ನಾನು ಕೇಳಿದಾಗ ಅತ್ತೆ ಅಡುಗೆಮನೆಯಿಂದಲೇ, “ಲೋಹಕ್ಕ ಮೈಲಿಗಿ ಇಲ್ಲ” ಎಂದು ಮಗನಿಗೆ ಅನುಮತಿ ಕೊಟ್ಟಿದ್ದರು. ನಾನು ಮಡಿಯಲ್ಲಿರುತ್ತಿರಲಿಲ್ಲ, ಅವರನ್ನು ಮುಟ್ಟುವಂತಿರಲಿಲ್ಲ. ತಂತಿ ಆಗಲಿ ಇಕ್ಕಳ ಆಗಲಿ ನೆಲದ ಮೇಲಿಟ್ಟು ಸರಿಸಬೇಕು.

ಚಿಪ್ ಕೆಟ್ಟಿದೆಯೋ ಇಲ್ಲವೋ ನೋಡಲು ಅವರ ಹತ್ತಿರ ಲಾಜಿಕ್ ಪ್ರೋಬ್ ಎಂಬ ದಪ್ಪ ಪೆನ್ನಿನಂಥದ್ದು ಇತ್ತು. ಅದರ ಚೂಪು ಮೊನೆಯನ್ನು ಚಿಪ್‌ನ ಕಾಲಿಗೆ ತಾಗಿಸಿದರೆ, ಕರೆಂಟಿದ್ದಲ್ಲಿ ಕೆಂಪು ದೀಪ, ಇಲ್ಲದಲ್ಲಿ ಹಸಿರು. ಎರಡೂ ಹತ್ತದಿದ್ದರೆ ಆ ಕಾಲು ಎಲ್ಲಿಗೂ ಸೇರದೆ ತೇಲುತ್ತಿದೆ ಎಂದು ಅರ್ಥ. ಅವರು ಮೊನೆ ತಾಗಿಸುವುದು, ನಾನು ಅಕ್ಕಿ ಆರಿಸುತ್ತ ಬಣ್ಣ ನೋಡಿ ಹೇಳುವುದು.

“ಒಳಗ ಬರೋ ಎರಡೂ ಕಾಲು ಕೆಂಪಿದ್ರ, ಹೊರಗಿನ ಕಾಲು ಹಸರ ಆಗಬೇಕು” ಎಂದು ಅವರು ನನಗೆ ಕಲಿಸುತ್ತಿದ್ದರೆ ಅತ್ತೆಗೂ ಕೇಳಿಸುತ್ತಿತ್ತು.

“ಇಬ್ರೂ ಹೂಂ ಅಂದ್ರ ಇದು ಊಹೂಂ ಅಂತದೇನು? ಹಂಗಾರ ನಿಮ್ಮ ಮಾವನವ್ರ ಜಾತಿ ಅದು.”

ಆದರೆ ಆ ಚಿಪ್‌ಗಳು ಮಾವನವರನ್ನೂ ಮೀರಿಸಿದವು. ಹೊರಗಿನ ಕಾಲು ಯಾವಾಗ ನೋಡಿದರೂ ಕೆಂಪು. ಹೊಸದೊಂದು ಹಾಕಿದರೆ ಅದರಲ್ಲಿ ಕೆಂಪೂ ಇಲ್ಲ, ಹಸಿರೂ ಇಲ್ಲ. ಮುಂದಿನ ಭಾನುವಾರ ಇನ್ನೊಂದು ಸತ್ತಿತು. ಯಜಮಾನರು ಹೈದರಾಬಾದಿನ ಅಂಗಡಿಯವನ ಮೇಲೆ ಹರಿಹಾಯ್ದರು. “ಎಲ್ಲಾ ಡೂಪ್ಲಿಕೇಟ್ ಮಾಲ್ ಕೊಟ್ಟಾನ ನೋಡು. ನಗನಗತಾ ಕೊಟ್ಟಾಗ ತಿಳೀಬೇಕಾಗಿತ್ತು.” ನಗುವವರ ಮೇಲೆ ಅವರಿಗೆ ಮೊದಲಿಂದಲೂ ಸಂಶಯ.

ಗ್ಯಾದರಿಂಗ್ ಮರುದಿನ ಎನ್ನುವಾಗ ಅಕ್ಕ ಯಾರ ಕೈಯಲ್ಲೋ ಒಂದು ಗೊನೆ ಕೆಂಪು ಬಾಳೆಹಣ್ಣು ಕಳಿಸಿದರು. ಜೊತೆಗೆ ಸುದ್ದಿ: ವೇದಿಕೆಯ ಮೇಲೆ ಮಷಿನ್‌ಗೆಂದು ಮೇಜು ಹಾಕಿ, ಅದಕ್ಕೆ ಹೂವಿನ ಹಾರವೂ ಆಗಿದೆ. ಅದನ್ನು ಕೇಳಿ ಯಜಮಾನರ ಹಣೆಯ ಗೋಪೀಚಂದನವೂ ಬೆವರಿತು. ಕಪ್ಪು ಸ್ಪಂಜಿಗೆ ಕಾಲು ಚುಚ್ಚಿಕೊಂಡು ಒಂದೇ ಒಂದು ಚಿಪ್ ಉಳಿದಿತ್ತು. ಅದನ್ನು ಕೀಳಲು ಅವರು ಕೈ ಚಾಚಿದರು. ಧಾಬಳಿಯ ಮೇಲೆ ಸರಿದು ಕೂತಾಗ ಮಗುಟ ಚಟಚಟ ಅಂದಿತು. ಹಿಂದಿನ ವಾರಗಳಲ್ಲೂ ಆ ಸದ್ದು ನನ್ನ ಕಿವಿಗೆ ಬಿದ್ದಿತ್ತು. ರೇಷ್ಮೆ ಅವರ ಕಾಲಿಗೆ ಅಂಟಿಕೊಳ್ಳುವುದನ್ನು, ಮುಂಗೈಯ ಕೂದಲು ನಿಲ್ಲುವುದನ್ನು ನೋಡಿದ್ದೆ. ಪೂಜೆಯ ತೇಜಸ್ಸು ಎಂದು ಅತ್ತೆ ಹೇಳಿದ್ದನ್ನು ನಾನೂ ಒಪ್ಪಿಕೊಂಡಿದ್ದೆ.

ಅಷ್ಟರಲ್ಲಿ ಪ್ರೋಬ್ ಉರುಳಿತು. ಅವರೂ ಕೈ ಹಾಕಿದರು, ನಾನೂ ಹಾಕಿದೆ. ಬೆರಳಿಗೆ ಬೆರಳು ತಾಗುತ್ತಿದ್ದಂತೆ ನಡುವೆ ‘ಚಟ್’ ಅಂತ ಕಿಡಿ ಹಾರಿತು. ಇಬ್ಬರೂ ಕೈ ಹಿಂದೆಳೆದುಕೊಂಡೆವು.

“ಏನಾತು?” ಅತ್ತೆಯ ದನಿ.

“ಮುಟ್ಟಿದೆ, ಅತ್ತ್ಯಾ.”

“ಮುಟ್ಟಿದ್ಯಾ? ತಣ್ಣೀರು ಸ್ನಾನ ಇನ್ನೊಮ್ಮೆ. ಲಗ್ನ ಆಗಿ ಇಷ್ಟು ವರ್ಷ ಆದ್ರೂ ಪೂಜಿ ಹೊತ್ತಿನ್ಯಾಗ ಇದೇನವಾ.”

ಯಜಮಾನರು ತಮ್ಮ ಬೆರಳು ನೋಡಿಕೊಂಡರು. ಮಗುಟ ನೋಡಿದರು. ಕೊನೆಗೆ ಧಾಬಳಿ.

“ನಾ ಹುಡುಗ್ರಿಗೆ ಏನು ಹೇಳ್ತೀನಿ?” ಎಂದು ಕೇಳಿದರು.

“ಮೊದಲು ನಲ್ಲಿ ಮುಟ್ಟಿ, ಮೈಯ್ಯಾಗಿನ ಕರೆಂಟ್ ಇಳಿಸಿ, ಆಮ್ಯಾಲ ಚಿಪ್ ಮುಟ್ರಿ, ಇಲ್ಲಂದ್ರ ಅದು ಸಾಯ್ತದ ಅಂತ” ಎಂದೆ. ಅವರ ಪಾಠ ನನಗೂ ಬಾಯಿಗೆ ಬರುತ್ತಿತ್ತು.

“ರೇಷ್ಮಿ, ಉಣ್ಣಿ ಹಾಕ್ಕೊಂಡು ಬರಬ್ಯಾಡ್ರಿ ಅಂತನೂ ಹೇಳ್ತೀನಿ.”

“ಹುಡುಗ್ರು ಮಾಡ್ತಾರೇನ್ರಿ?”

“ಅವ್ರು ಕೇಳ್ತಾರ.”

ಪಾಠ ಕಾಲೇಜಿನದು, ಮಡಿ ಮನೆಯದು. ಎರಡೂ ಒಂದೇ ಮೈಮೇಲೆ ಇರುತ್ತವೆ ಎಂದು ಅವರಿಗೆ ಹೊಳೆದೇ ಇರಲಿಲ್ಲ. ಮಡಿಯಲ್ಲಿದ್ದವರು ಪಾತ್ರೆ ತಿಕ್ಕುವ ಹಿತ್ತಲ ನಲ್ಲಿಯನ್ನಂತೂ ಹೇಗೆ ಮುಟ್ಟಿಯಾರು?

“ಹೈದರಾಬಾದಿನವ್ನು ಪಾಪ” ಎಂದೆ. “ಬೈದದ್ದೆಲ್ಲ ವಾಪಸ್ ತಗೊಳ್ರಿ.”

“ನಗಬ್ಯಾಡ. ಆ ಕಡೀ ಚಿಪ್ ನೀನ ಕೂಡಸು. ನೂಲಿನ ಸೀರಿ ಉಟ್ಟೀದಿ.”

ಅವರು ಬಚ್ಚಲಲ್ಲಿ ತಣ್ಣೀರು ಸುರಿದುಕೊಂಡು ‘ಹರಿ ಹರಿ’ ಎನ್ನುತ್ತಿದ್ದಾಗ ನಾನು ಹಿತ್ತಲಿಗೆ ಹೋಗಿ ನಲ್ಲಿ ಹಿಡಿದು ನಿಂತೆ. ಬಂದು, ಧಾಬಳಿ ಮುಟ್ಟದೆ ಬರೀ ನೆಲದ ಮೇಲೆ ಕೂತು, ಚಿಪ್ ಅನ್ನು ಅದರ ಮನೆಯಲ್ಲಿ ಕೂಡಿಸಿದೆ. ಕಾಲುಗಳು ಹೆಣ್ಣುಮಕ್ಕಳ ಸೇಫ್ಟಿಪಿನ್ನಿಗಿಂತ ಮೆದು. ಬಚ್ಚಲ ಬಾಗಿಲಿಂದಲೇ ಅವರು ಕೇಳಿದರು, “ಹೊರಗಿನ ಕಾಲು?”

ಬಟನ್ ಒತ್ತುವ ಮೊದಲು ಕೆಂಪಿತ್ತು. ಒತ್ತಿದೆ. “ಹಸರ ಆತ್ರಿ.”

ಬಚ್ಚಲಲ್ಲಿ ಇನ್ನೊಂದು ತಂಬಿಗೆ ನೀರು ಬಿದ್ದ ಸದ್ದು ಕೇಳಿತು. ಅದು ಸಂತೋಷಕ್ಕೆ.

ಮರುದಿನ ಕಮಲಾಪುರದ ವೇದಿಕೆಯ ಮೇಲೆ ಅಕ್ಕ ಅದೇ ಕುರ್ಚಿಯಲ್ಲಿ ಕೂತಿದ್ದರು, ಎರಡು ಕೈಗಳಿಂದಲೂ ಸೆರಗು ಹಿಡಿದುಕೊಂಡು. ಮೊದಲ ಪ್ರಶ್ನೆಗೆ ಎರಡು ತಂಡದವರೂ ಬಟನ್ ಮೇಲೆ ಬಿದ್ದರು. ಒಂದೇ ದೀಪ ಹತ್ತಿತು. ಯಾರೂ ಜಗಳ ತೆಗೆಯಲಿಲ್ಲ. ದೀಪದ ಜೊತೆ ಯಾರು ವಾದಿಸುತ್ತಾರೆ? ಅಕ್ಕ ಸೆರಗು ಬಿಟ್ಟರು.

ಕ್ವಿಜ್ ಅರ್ಧಕ್ಕೆ ಬಂದಾಗ ಹೆಡ್‌ಮಾಸ್ಟರು ಉತ್ಸಾಹದಿಂದ ಎದ್ದು, ಯಜಮಾನರನ್ನು ವೇದಿಕೆಗೆ ಕರೆದು, ಉಣ್ಣೆಯ ಶಾಲು ಹೊದಿಸಿಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಇವರು ಮಾತ್ರ ಕೈ ಮುಗಿದುಕೊಂಡು, ಮೇಜಿನಿಂದ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ವೇದಿಕೆಯ ಅಂಚಿಗೆ ಹೋಗಿ ನಿಂತರು. ಅಕ್ಕ ವೇದಿಕೆಯ ಪಕ್ಕದಲ್ಲೇ ಕೂತಿದ್ದ ನನ್ನ ಕಡೆ ಬಾಗಿ ಕೇಳಿದರು, “ಯಾಕವಾ, ಅಷ್ಟು ನಾಚಿಕೋತಾನ?”

“ಹೂಂ ಅಕ್ಕಾ” ಎಂದೆ. “ಭಾಳ ಸಂಕೋಚದ ಸ್ವಭಾವ.”