ಟ್ರಂಕಿನಲ್ಲಿಟ್ಟ ಹತ್ತು ಜೊತೆ ಶೂ

ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ ಮೊದಲ ಸಲ ಷೀಲ್ಡು ಗೆದ್ದ ವರ್ಷ ಅದರ ಕ್ಯಾಪ್ಟನ್ ನಾನು. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲನೆಯವನೂ ನಾನೇ. ಇವೆರಡನ್ನೂ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಎರಡಕ್ಕೂ ಮೈ ಮುರಿದು ದುಡಿದಿದ್ದೇನೆ. ಆದರೆ ಷೀಲ್ಡಿನ ಮಾತು ಬಂದಾಗಲೆಲ್ಲ ನಾನು ಬೇಗ ಎದ್ದುಬಿಡುತ್ತೇನೆ. ಯಾಕೆ ಎಂಬುದನ್ನು ಮನೆಯವರಿಗೂ ಹೇಳಿಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಕಡಕೊಳದ ಕಡೆಯ ಒಕ್ಕಲು ಮನೆಯಿಂದ ಮೈಸೂರಿಗೆ ಬಂದ ನನಗೆ ಬ್ಯಾಸ್ಕೆಟ್‌ಬಾಲ್ ಎಂಬ ಆಟವೊಂದಿದೆ ಎಂದೇ ಗೊತ್ತಿರಲಿಲ್ಲ. ಕಾಲೇಜಿಗೂ ಅದು ಹೊಸದು. ಕ್ರಿಕೆಟ್ಟು, ಟೆನಿಸ್ಸು ಪೇಟೆ ಹುಡುಗರ ಕೈಯಲ್ಲಿದ್ದವು. ನಮ್ಮ ಡ್ರಿಲ್ ಮೇಷ್ಟ್ರು ಹಾಸ್ಟೆಲ್ಲುಗಳನ್ನು ಸುತ್ತಿ, ಎತ್ತರವಾಗಿದ್ದ ಹಳ್ಳಿ ಹುಡುಗರನ್ನು ಒಬ್ಬೊಬ್ಬರನ್ನಾಗಿ ಆರಿಸಿ ತಂದರು. ತಂದವರು ಮೊದಲು ಕೈಗೆ ಕೊಟ್ಟದ್ದು ಚೆಂಡಲ್ಲ, ಗುದ್ದಲಿ.

"ನೀವೇ ಅಗೆದ ನೆಲದ ಮೇಲೆ ಆಡಿ ಕಣ್ರಯ್ಯಾ. ಆಗ ಯಾರೂ ನಿಮ್ಮನ್ನ ಓಡಿಸೋಕಾಗಲ್ಲ" ಎಂದರು.

ಕಾಲೇಜಿನ ಹಿಂದಿನ ಪಾಳು ಜಾಗವನ್ನು ಅಗೆದೆವು. ಕಲ್ಲು ಆರಿಸಿದೆವು. ಕೆಮ್ಮಣ್ಣು ಹರಡಿ, ನೀರು ಚಿಮುಕಿಸಿ, ಇಬ್ಬಿಬ್ಬರಾಗಿ ರೋಲರ್ ಎಳೆದೆವು. ಎರಡು ಕಡೆಯ ಕಂಬಗಳು ತೇಗದವಲ್ಲ, ತೆಂಗಿನವು. ರಿಂಗನ್ನು ಕಮ್ಮಾರನೊಬ್ಬ ಸರಳು ಬಗ್ಗಿಸಿ ಮಾಡಿಕೊಟ್ಟ. ಆಟಕ್ಕೆ ಮುಂಚೆ ಸುಣ್ಣದ ಗೆರೆ ಎಳೆಯುವುದೂ ನಮ್ಮ ಕೆಲಸವೇ. ಆಡುತ್ತಿದ್ದದ್ದು ಬರಿಗಾಲಲ್ಲಿ. ಮೊದಲ ವರ್ಷ ಆಡಿದ ಪಂದ್ಯಗಳನ್ನೆಲ್ಲ ಸೋತೆವು. ಎರಡನೆಯ ವರ್ಷ ಮೈಸೂರಿನ ಬೇರೆ ಕಾಲೇಜುಗಳನ್ನು ಸೋಲಿಸಿದೆವು. ಮೂರನೆಯ ವರ್ಷ ಬೆಂಗಳೂರಿನಲ್ಲಿ ನಡೆಯುವ ಫೈನಲ್ಲಿಗೆ ಬಂದುಬಿಟ್ಟೆವು.

ಬರುವಂತೆ ಮಾಡಿದವನು ನನ್ನ ಗೆಳೆಯ. ನಂಜನಗೂಡಿನಾಚೆಯ ಹಳ್ಳಿಯವನು, ಮಠದ ಉಚಿತ ಹಾಸ್ಟೆಲ್ಲಿನಲ್ಲಿದ್ದವನು. ಬೆಳಿಗ್ಗೆ ಹಚ್ಚಿದ ವಿಭೂತಿ ಸಂಜೆ ಆಟದ ಹೊತ್ತಿಗೆ ಬೆವರಿನೊಡನೆ ಹುಬ್ಬಿಗಿಳಿದಿರುತ್ತಿತ್ತು. ನಾನು ಅವನನ್ನು 'ಸ್ವಾಮಿಗಳು' ಎನ್ನುತ್ತಿದ್ದೆ, ಅವನು ನನ್ನನ್ನು 'ಗೌಡ' ಎನ್ನುತ್ತಿದ್ದ. ಚೆಂಡು ಪುಟಿಸಿಕೊಂಡು ಗಾಳಿಯಂತೆ ಬಂದು, ರಿಂಗಿನ ಹತ್ತಿರ ಮಣ್ಣಿನ ಮೇಲೆ ಒಂದು ಮೊಳ ಜಾರಿ ನಿಲ್ಲುತ್ತಿದ್ದ. ತಡೆಯಲು ಬಂದವರು ಅವನನ್ನು ದಾಟಿ ಮುಂದೆ ಹೋಗಿರುತ್ತಿದ್ದರು. ಆಮೇಲೆ ನಿಧಾನವಾಗಿ ಚೆಂಡು ಹಾಕುತ್ತಿದ್ದ. ಅದು ಯಾರೂ ಕಲಿಸಿದ್ದಲ್ಲ. ನಮ್ಮ ಕೆಮ್ಮಣ್ಣೇ ಕಲಿಸಿದ್ದು.

ಆ ವರ್ಷ ಅವನು ಇಂಗ್ಲಿಷಿನಲ್ಲಿ ಫೇಲಾಗಿದ್ದ. ಫೇಲಾದವರಿಗೆ ಮಠದ ಹಾಸ್ಟೆಲ್ಲಿನಲ್ಲಿ ಜಾಗವಿರಲಿಲ್ಲ. ಮೈಸೂರಿನಲ್ಲಿ ಅವನಿಗೆ ನೆಂಟರಿರಲಿಲ್ಲ, ಊರಿಂದ ದಿನಾ ಬಂದು ಹೋಗುವುದು ಆಗದ ಮಾತು. ಡ್ರಿಲ್ ಮೇಷ್ಟ್ರು ಪ್ರಿನ್ಸಿಪಾಲರ ಹತ್ತಿರ ಮಾತಾಡಿ ಒಂದು ದಾರಿ ಮಾಡಿದರು: ಫೈನಲ್ ನೋಡಿ ಯೂನಿವರ್ಸಿಟಿ ತಂಡ ಆರಿಸುತ್ತಾರೆ, ಅದರಲ್ಲಿ ಅವನ ಹೆಸರು ಬಂದರೆ ಕಾಲೇಜು ಹಾಸ್ಟೆಲ್ಲಿನಲ್ಲಿ ಆಟಗಾರರ ಸೀಟು ಕೊಡುವುದು. ಅಲ್ಲಿದ್ದುಕೊಂಡು ಓದಿ ಪಾಸು ಮಾಡಿಕೊಳ್ಳಬಹುದು. ಹೆಸರು ಬರದಿದ್ದರೆ ಓದು ಅಲ್ಲಿಗೆ ಮುಗಿಯಿತು.

ಬೆಂಗಳೂರಿನ ಕೋರ್ಟು ಸಿಮೆಂಟಿನದು. ಶೂ ಇಲ್ಲದೆ ಇಳಿಯುವಂತಿರಲಿಲ್ಲ. ಕಾಲೇಜು ಹತ್ತು ಜೊತೆ ಬಿಳಿ ಕ್ಯಾನ್ವಾಸ್ ಶೂ ತರಿಸಿತು. ಡ್ರಿಲ್ ಮೇಷ್ಟ್ರು ಎನ್.ಸಿ.ಸಿ. ಕ್ಯಾಂಪಿಗೆ ಹೊರಡುವ ಮುಂಚೆ ಅವನ್ನು ನನ್ನ ವಶಕ್ಕೆ ಕೊಟ್ಟು, "ದಿನಾ ಸಂಜೆ ಇದನ್ನ ಹಾಕ್ಕೊಂಡೇ ಆಡಿಸು. ಕಾಲಿಗೆ ಒಗ್ಗಬೇಕು" ಎಂದರು. ನಾನು "ಆಗ್ಲಿ ಸಾರ್" ಎಂದೆ.

ಆಡಿಸಲಿಲ್ಲ. ನಮ್ಮ ಮನೆಯಲ್ಲಿ ಹೊಸ ಬಟ್ಟೆ ತಂದರೆ ಅದು ಹಬ್ಬದವರೆಗೂ ಪೆಟ್ಟಿಗೆಯಲ್ಲೇ. ಹೊಸ ತಪ್ಪಲೆಯನ್ನು ಅವ್ವ ನೆಂಟರು ಬರುವ ತನಕ ಒಲೆಗಿಡುತ್ತಿರಲಿಲ್ಲ. ಹಾಗೆ ಬೆಳೆದ ನನಗೆ ಆ ಹಾಲಿನಂಥ ಶೂಗಳನ್ನು ಕೆಮ್ಮಣ್ಣಿಗೆ ಇಳಿಸಲು ಮನಸ್ಸೇ ಬರಲಿಲ್ಲ. ಎಲ್ಲವನ್ನೂ ಪೇಪರಿನಲ್ಲಿ ಸುತ್ತಿ ಆಟದ ಕೋಣೆಯ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಹುಡುಗರೂ ಸರಿ ಎಂದರು. ಅವರೂ ಅಂಥ ಮನೆಗಳಿಂದಲೇ ಬಂದವರು.

ಅವನೊಬ್ಬ ಮಾತ್ರ ಎರಡು ಸಲ ಕೇಳಿದ.

"ಒಂದ್ಸಲ ಆಕ್ಕೊಂಡು ಓಡಿ ನೋಡ್ತೀನಿ ಕೊಡೋ ಗೌಡ. ಇದೇನು ಮದುವೆ ಗಂಡಿನ ಪೇಟವಾ, ಬಚ್ಚಿಡಾಕೆ?"

"ಕೆಂಪು ಮಣ್ಣು ಮೆತ್ಕೊಂಡ್ರೆ ಹೋಗಲ್ಲ ಕಣೋ. ಬೆಂಗಳೂರಿನೋರು ನೋಡಿ ನಗ್ಬೇಕಾ? ಇನ್ನು ಎಂಟು ದಿನ ತಡ್ಕಳಿ, ಸ್ವಾಮಿಗಳೇ."

ಅವನು ನಕ್ಕು ಬರಿಗಾಲಲ್ಲೇ ಕೋರ್ಟಿಗೆ ಓಡಿದ.

ಫೈನಲ್ ದಿನ ಹೊಸ ಶೂ ಹಾಕಿ ಸಾಲಾಗಿ ನಿಂತಾಗ ನಾವು ಯಾರಿಗೂ ಕಡಿಮೆಯಿಲ್ಲವೆಂದು ನನಗೆ ಹೆಮ್ಮೆಯಾಯಿತು. ಆ ಹೆಮ್ಮೆ ಐದು ನಿಮಿಷವೂ ಉಳಿಯಲಿಲ್ಲ. ಅವನು ಎಂದಿನಂತೆ ಚೆಂಡು ಪುಟಿಸುತ್ತಾ ಬಂದು ರಿಂಗಿನ ಹತ್ತಿರ ಜಾರಲು ನೋಡಿದ. ರಬ್ಬರು ಅಟ್ಟೆ ಸಿಮೆಂಟನ್ನು ಕಚ್ಚಿಕೊಂಡಿತು. ಕಾಲು ನಿಂತಿತು, ಮೈ ಮುಂದೆ ಹೋಯಿತು. ಮುಗ್ಗರಿಸಿ ಬಿದ್ದ. ಎದ್ದು ಬಂದು ಮತ್ತೆ ಹಾಗೆಯೇ ಬಿದ್ದ. ಜನ ನಕ್ಕರು.

ಮಧ್ಯಂತರದಲ್ಲಿ ಶೂ ಬಿಚ್ಚಿದರೆ ಹಿಮ್ಮಡಿ ಎರಡೂ ಸುಲಿದಿದ್ದವು.

"ನಾನು ಜಾರ್ಬೇಕು ಅಂತೀನಿ, ಇದು ಅಲ್ಲೇ ಇಡ್ಕೊಂಡ್ಬುಡ್ತದೆ ಕಣೋ. ಬರಿಗಾಲಲ್ಲಿ ಆಡ್ತೀನಿ, ಕೇಳು" ಎಂದ.

ಕೇಳಿದೆ. ರೆಫರಿ ಆಗುವುದಿಲ್ಲವೆಂದರು. ಅವನು ಮತ್ತೆ ಶೂ ಕಟ್ಟಿಕೊಂಡ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಮಂಡಿ ತಿರುಚಿ ಕೆಳಗೆ ಬಿದ್ದವನು ಏಳಲಿಲ್ಲ. ಇಬ್ಬರು ಹೊತ್ತು ಹೊರಗೆ ಕೂರಿಸಿದರು.

ಪಂದ್ಯ ನಾವೇ ಗೆದ್ದೆವು. ನನ್ನದು ರಿಂಗಿನ ಕೆಳಗೆ ನಿಂತು ತಳ್ಳಾಡುವ ಆಟ; ಓಡಿ ಬಂದು ಜಾರಿ ನಿಲ್ಲುವ ಕೆಲಸ ನನಗಿರಲಿಲ್ಲ. ಅಂದು ನನ್ನ ಕೈಗೆ ಬಂದ ಚೆಂಡೆಲ್ಲ ಒಳಗೆ ಹೋಯಿತು. ಸಂಜೆ ಯೂನಿವರ್ಸಿಟಿ ತಂಡದ ಪಟ್ಟಿ ಓದಿದಾಗ ನನ್ನ ಹೆಸರಿತ್ತು. ಅವನದಿರಲಿಲ್ಲ.

ಹಿಂದಿರುಗುವಾಗ ರೈಲಿನಲ್ಲಿ ಹುಡುಗರು ಕಡಲೆಕಾಯಿ ಬಿಡಿಸುತ್ತಾ ಕುಳಿತಿದ್ದರು. ಅವನು ಎದುರಿನ ಸೀಟಿನ ಮೇಲೆ ಕಾಲು ಚಾಚಿಕೊಂಡಿದ್ದ. ಕ್ಯಾಂಪಿನಿಂದ ನೇರವಾಗಿ ಬಂದು, ಆಟ ಮುಗಿದ ಮೇಲೆ ನಮ್ಮನ್ನು ಕೂಡಿಕೊಂಡಿದ್ದ ಡ್ರಿಲ್ ಮೇಷ್ಟ್ರು ಅವನ ಊದಿದ ಮಂಡಿಯನ್ನು ನೋಡುತ್ತಾ ನನ್ನನ್ನು ಕೇಳಿದರು:

"ನಾನು ಹೇಳಿದ ಹಾಗೆ ಶೂ ಹಾಕ್ಸಿ ಆಡಿಸಿದೆ ತಾನೇನಯ್ಯಾ?"

ಹೇಳಿದ ಮಾತು ಮೀರಿದವರನ್ನು ಅವರು ಮತ್ತೆ ಕೋರ್ಟಿಗೆ ಸೇರಿಸುತ್ತಿರಲಿಲ್ಲ. ನನ್ನ ಕ್ಯಾಪ್ಟನ್‌ಗಿರಿ, ಈಗ ತಾನೇ ಬಂದ ಯೂನಿವರ್ಸಿಟಿ ತಂಡ ಎಲ್ಲ ಕಣ್ಣ ಮುಂದೆ ಬಂತು.

"ಆಡಿಸಿದೆ ಸಾರ್" ಎಂದೆ.

ಕಡಲೆಕಾಯಿ ಬಿಡಿಸುತ್ತಿದ್ದ ಕೈಗಳು ನಿಂತವು. ಅವನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

"ಹಾಗಾದ್ರೆ ಇವನ ಹಣೆಬರಹ" ಎಂದರು ಮೇಷ್ಟ್ರು.

ನಾಲ್ಕು ದಿನದ ಮೇಲೆ ಅವನು ಊರಿಗೆ ಹೊರಟ. ಅವನ ಪೆಟ್ಟಿಗೆ ಹೊತ್ತು ನಾನೇ ಸ್ಟೇಷನ್ನಿಗೆ ಹೋದೆ. ನಂಜನಗೂಡಿನ ಗಾಡಿ ಬರುವುದು ತಡವಾಗಿತ್ತು. ಬೆಂಚಿನ ಮೇಲೆ ಕುಂಟುಗಾಲನ್ನು ನೀವಿಕೊಳ್ಳುತ್ತಾ ಅವನೇ ಮಾತು ತೆಗೆದ.

"ಅವತ್ತು ನೀನು ಹೇಳ್ಬೇಕಾಗಿತ್ತು ಕಣೋ."

ನಾನು ಅವನ ಪೆಟ್ಟಿಗೆಯ ಚಿಲಕವನ್ನು ತೆಗೆದು ಮತ್ತೆ ಹಾಕಿದೆ.

"ಈಗ್ಲೂ ಟೈಮದೆ. ಆ ಸೀಟು ಇನ್ನೊಂದು ವಾರ ಯಾರ್ಗೂ ಕೊಡಾಕಿಲ್ವಂತೆ, ಗುಮಾಸ್ತರು ಅಂದ್ರು. ಮೇಷ್ಟ್ರಿಗೆ ಇಂಗಿಂಗಾಯ್ತು ಅಂತ ಹೇಳು. ಆಮೇಲೆ ಅವರಿಷ್ಟ."

"ನಾಳೇನೇ ಹೇಳ್ತೀನಿ."

"ಹೇಳ್ಬುಡು ಮತ್ತೆ. ನಮ್ಮಪ್ಪನ ತಾವ, ಕಾಲು ನೋವು ಅಂತ ಬಂದಿದೀನಿ ಅಂತೀನಿ. ಓದು ಬುಟ್ಟೆ ಅಂತ ಹೇಳಾಕಿಲ್ಲ."

ಗಾಡಿ ಬಂತು. ಅವನನ್ನು ಕೈಹಿಡಿದು ಹತ್ತಿಸಿದೆ.

ಆ ವಾರ ದಿನವೂ ಡ್ರಿಲ್ ಮೇಷ್ಟ್ರ ಕೋಣೆಯ ಬಾಗಿಲ ತನಕ ಹೋದೆ. ಒಂದು ದಿನ ಒಳಗೆ ಬೇರೆಯವರಿದ್ದರು. ಒಂದು ದಿನ ಮೇಷ್ಟ್ರು ಕೋಪದಲ್ಲಿದ್ದರು. ಮೂರನೆಯ ದಿನ ಅವರೇ ಕರೆದು ಬೆನ್ನು ತಟ್ಟಿ, "ನಿಮ್ಮಪ್ಪನ್ನ ಒಂದಿನ ಕರ್ಕೊಂಡು ಬಾರಯ್ಯಾ, ನೋಡಬೇಕು" ಎಂದರು. ಅದಾದ ಮೇಲೆ ನನಗೆ ಇನ್ನೂ ಕಷ್ಟವಾಯಿತು. ಏಳನೆಯ ದಿನ ಸೀಟು ಒಬ್ಬ ಹಾಕಿ ಆಟಗಾರನಿಗೆ ಹೋಯಿತು.

ನಾನು ಓದಿದೆ, ಪಾಸಾದೆ. ಪದವಿ ಪಡೆದ ದಿನ ಅಪ್ಪ ಕಪ್ಪು ನಿಲುವಂಗಿಯ ತೋಳನ್ನು ಹಿಡಿದೇ ಇದ್ದ, ಬಿಡಲಿಲ್ಲ. ಮರುದಿನ ನಾನು ಡ್ರಿಲ್ ಮೇಷ್ಟ್ರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ನನ್ನಿಂದ ಕಿತ್ತುಕೊಳ್ಳಲು ಆಗ ಏನೂ ಉಳಿದಿರಲಿಲ್ಲ; ಅದಕ್ಕೇ ಬಾಯಿ ಬಂದಿತ್ತು.

ಅವರು ಬೈಯಲಿಲ್ಲ.

"ಅವತ್ತು ಹೇಳಿದ್ರೆ ನಿನ್ನನ್ನ ಖಂಡಿತಾ ತೆಗೀತಿದ್ದೆ. ಆದ್ರೆ ಪ್ರಿನ್ಸಿಪಾಲರ ಮುಂದೆ ಹೋಗಿ ಕೂತ್ಬಿಡ್ತಿದ್ದೆ, ಇದು ಹುಡುಗನ ತಪ್ಪಲ್ಲ, ತಂಡದ ತಪ್ಪು ಅಂತ. ಅವರು ಕೊಡ್ತಿದ್ರು ಕಣಯ್ಯಾ. ಕೇಳೋಕೆ ನನ್ನ ಹತ್ರ ಮಾತಿರಲಿಲ್ಲ, ಅಷ್ಟೇ."

ಆ ರಾತ್ರಿಯೇ ಅವನಿಗೆ ಕಾಗದ ಬರೆದೆ. ಮೇಷ್ಟ್ರು ಅಂದದ್ದನ್ನೂ ಬಿಡದೆ ಬರೆದೆ. ತಿಂಗಳ ಮೇಲೆ ಉತ್ತರ ಬಂತು, ಒಂದು ಕಾರ್ಡು. ಆ ವಿಷಯದ ಮೇಲೆ ಒಂದು ಅಕ್ಷರವಿಲ್ಲ. ರೈಸ್ ಮಿಲ್ಲಿನಲ್ಲಿ ಕೆಲಸ ಸಿಕ್ಕಿದೆ, ಮಳೆಗಾಲದಲ್ಲಿ ಮಂಡಿ ನೋಯುತ್ತದೆ, ಅಪ್ಪ ತೀರಿಕೊಂಡರು ಎಂದಿತ್ತು. ಕೊನೆಗೆ, "ಈ ವರ್ಷ ನಮ್ಮ ತಂಡ ಹೇಗಿದೆ, ನನ್ನ ಜಾಗದಲ್ಲಿ ಯಾರು ಆಡುತ್ತಿದ್ದಾರೆ, ಬರೆ" ಎಂದು ಕೇಳಿದ್ದ.

ಅವನ ಜಾಗದಲ್ಲಿ ಒಬ್ಬ ಹೊಸ ಹುಡುಗ ಆಡುತ್ತಿದ್ದ, ಚೆನ್ನಾಗಿಯೇ ಆಡುತ್ತಿದ್ದ. ಅಷ್ಟನ್ನು ಬರೆಯಲು ನಾನು ಮೂರು ಕಾರ್ಡು ಹಾಳು ಮಾಡಿದೆ. ಒಂದನ್ನೂ ಅಂಚೆಗೆ ಹಾಕಲಿಲ್ಲ.