ಕುಂದಾ ಬರೆದ ಕೈ

ಇಚಲಕರಂಜಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮಂದಾಕಿನಿ ಉರುಣಕರ ಹದಿನಾರು ವರ್ಷದಿಂದ ಚಿತ್ರ ಕಲಿಸುತ್ತಿದ್ದಳು. ಊರಿಗೆಲ್ಲ ಆಕೆ ಮಂದಾಬಾಯಿ, ಮಕ್ಕಳಿಗೆ ಬರೀ ಬಾಯಿ. ಗಣಿತದ ಮೇಷ್ಟ್ರಿಗೆ ಸಿಗುವ ಮರ್ಯಾದೆ ಚಿತ್ರದ ಟೀಚರಿಗೆ ಯಾವ ಶಾಲೆಯಲ್ಲೂ ಸಿಗುವುದಿಲ್ಲ. ಯಾರಾದರೂ ರಜೆ ಹಾಕಿದರೆ ಅವರ ತರಗತಿ ಕಾಯುವುದು, ಗಣಪತಿಗೆ ಮಂಟಪ ಕಟ್ಟುವುದು, ಅತಿಥಿಗಳು ಬಂದರೆ ಬಾಗಿಲಿಗೆ ರಂಗೋಲಿ ಹಾಕುವುದು, ಇಷ್ಟಕ್ಕೇ ಆಕೆ ಬೇಕು. ತುರ್ತು ಪರಿಸ್ಥಿತಿ ಬಂದ ಮೇಲೆ ಇನ್ನೊಂದು ಕೆಲಸ ಅಂಟಿಕೊಂಡಿತು. ಶಾಲೆಯ ಕಾಂಪೌಂಡಿನ ಮೇಲೆ ಶಿಸ್ತು, ದುಡಿಮೆ, ಎರಡೇ ಮಕ್ಕಳು ಎಂದು ಆಳೆತ್ತರದ ಅಕ್ಷರ ಬರೆಯಬೇಕು. ಬರೆದಳು. ಗೋಡೆ ಬೋಳಾಗಿ ಕಂಡರೂ ನೌಕರಿ ಹೋಗುವ ಕಾಲ ಅದು.

ಸೆಪ್ಟೆಂಬರ್ ಹತ್ತಿರ ಬಂದಾಗ ಮಾತ್ರ ಆಕೆಗೆ ಬೆಲೆ ಬರುತ್ತಿತ್ತು. ಆಗ ಸರ್ಕಾರದ ಎಲಿಮೆಂಟರಿ ಡ್ರಾಯಿಂಗ್ ಪರೀಕ್ಷೆ. ಅದರಲ್ಲಿ ಮಕ್ಕಳ ತೊಡೆ ನಡುಗಿಸುವುದು ನೆನಪಿನ ಚಿತ್ರ. ಎದುರಿಗೆ ಏನೂ ಇಟ್ಟಿರುವುದಿಲ್ಲ, ಕಂಡದ್ದನ್ನು ನೆನೆದು ಬರೆಯಬೇಕು. ಬೇರೆ ಶಾಲೆಯ ಮಕ್ಕಳು ಮೇಷ್ಟ್ರು ಬಾಯಿಪಾಠ ಮಾಡಿಸಿದ ಬಾವಿಕಟ್ಟೆಯನ್ನೋ ಸಂತೆಯನ್ನೋ ಇಳಿಸಿ ಬರುತ್ತಿದ್ದವು. ಮಂದಾಬಾಯಿ ಹಾಗೆ ಮಾಡಿಸಲಿಲ್ಲ. ಭಾನುವಾರ ಬೆಳಿಗ್ಗೆ ಎಂಟು ಹತ್ತು ಹುಡುಗಿಯರನ್ನು ಮನೆಗೆ ಕರೆದು, ಬೀದಿಕಡೆಯ ಕಿಟಕಿಯ ಬೆಳಕಿನಲ್ಲಿ ಒಂದು ಸಾಮಾನು ಇಡುತ್ತಿದ್ದಳು. ಕಂದೀಲು, ಒಡೆದ ಕೊಡ, ನೂಲಿನ ಲಡಿ. ಒಂದು ನಿಮಿಷ ನೋಡಬೇಕು, ಆಮೇಲೆ ಅದಕ್ಕೆ ಬೆನ್ನು ಮಾಡಿ ಕೂತು ಬರೆಯಬೇಕು.

"ಇದ್ದದ್ದು ಬಿಡಬ್ಯಾಡ್ರಿ, ಇಲ್ಲದ್ದು ಸೇರಿಸಬ್ಯಾಡ್ರಿ" ಎನ್ನುತ್ತಿದ್ದಳು. ಮಕ್ಕಳ ಹಾಳೆಯ ಮೇಲೆ ತನ್ನ ಪೆನ್ಸಿಲು ಆಡಿಸುತ್ತಿರಲಿಲ್ಲ. ತಪ್ಪಿದ್ದರೆ ಬೆರಳಿನಲ್ಲಿ ತೋರಿಸುವಳು, ತಿದ್ದುವುದು ಮಕ್ಕಳ ಪಾಡು.

ಈ ಬೆನ್ನು ಮಾಡಿ ಕೂರುವ ಪದ್ಧತಿಯೇ ಆಕೆಯ ಕುತ್ತಿಗೆಗೆ ಬಂತು. ಕಿಟಕಿಗೆ ಬೆನ್ನು ಮಾಡಿದರೆ ಮಕ್ಕಳ ಮುಖ ಅಡಿಗೆಮನೆಯ ಕಡೆ ತಿರುಗುತ್ತದೆ. ಆ ಮಳೆಗಾಲ ಅಡಿಗೆಮನೆಯ ಅಟ್ಟದ ಮೇಲೆ ಅವಳ ತಮ್ಮ ಭಾಸ್ಕರ ಇದ್ದ.

ಭಾಸ್ಕರ ಮಗ್ಗದ ಕೂಲಿಗಳ ಯೂನಿಯನ್ನಿನವನು. ಹಿಂದಿನ ವರ್ಷದಿಂದ ಅವನ ಮೇಲೆ ವಾರಂಟು. ಬಲಗೈಯ ಎರಡು ಬೆರಳನ್ನು ಹದಿನೇಳನೆಯ ವಯಸ್ಸಿನಲ್ಲೇ ಮಗ್ಗದ ಹಲ್ಲುಗಾಲಿ ತಿಂದಿತ್ತು. ಪೊಲೀಸರ ಕಾಗದದಲ್ಲಿ ಅವನ ಗುರುತು ಎಂದು ಬರೆದದ್ದು ಅದನ್ನೇ. ಮದುವೆಯಾಗಿ ಅಡ್ಡಹೆಸರು ಬದಲಾದ ಅಕ್ಕನ ಸುದ್ದಿ ಆ ಕಾಗದದಲ್ಲಿ ಇರಲಿಲ್ಲ. ಊರೂರು ಅಲೆದು, ಜೂನ್ ತಿಂಗಳ ಮಳೆಯಲ್ಲಿ ನೆನೆದು, ಅಕ್ಕನ ಮನೆ ಸೇರಿದ್ದ. ಮನೆಯಲ್ಲಿದ್ದವರು ಇಬ್ಬರೇ, ವಿಧವೆ ಮಂದಾಬಾಯಿ ಮತ್ತು ಅವಳ ಅತ್ತೆ ಗೋದಾಬಾಯಿ.

ಭಾನುವಾರದ ಪಾಠ ನಿಲ್ಲಿಸುತ್ತೇನೆಂದು ಮಂದಾಬಾಯಿ ಅಂದಾಗ ಅತ್ತೆ ಬೈದಳು. "ಹತ್ತು ವರ್ಷದಿಂದ ನಡದದ್ದು ಒಮ್ಮಿಗೇ ನಿಂತ್ರ ಓಣ್ಯಾಗಿನ ನಾಯಿನೂ ಬಂದು ಮೂಸತೈತಿ. ಸುಮ್ನ ನಡಸು. ನಿನ್ನ ತಮ್ಮಗ ಹೇಳು, ಹುಡುಗ್ಯಾರು ಇದ್ದಾಗ ಕೆಮ್ಮಬ್ಯಾಡ ಅಂತ."

ಅಟ್ಟದ ಮೇಲಿಂದ ಭಾಸ್ಕರನ ದನಿ ಬಂತು. ಅಕ್ಕನ ಅತ್ತೆಯನ್ನು ಅವನು ಚಿಕ್ಕಮ್ಮ ಎಂಬ ಅರ್ಥದಲ್ಲಿ ಮಾವಶಿ ಎನ್ನುತ್ತಿದ್ದ. "ಕೆಮ್ಮು ಯೂನಿಯನ್ ಮಾತು ಕೇಳೂದಿಲ್ಲರೀ ಮಾವಶಿ."

"ಅದಕ್ಕರ ಬುದ್ಧಿ ಐತಿ. ಆ ಮಾತು ಕೇಳಿದಾಂವ ಅಟ್ಟ ಏರಿ ಕುಂತಾನ."

ಪಾಠಕ್ಕೆ ಬರುವ ಹುಡುಗಿಯರಲ್ಲಿ ಕುಂದಾ ಮಗದೂಮ ಒಬ್ಬಳು. ಹದಿಮೂರು ವರ್ಷ, ಹವಾಲ್ದಾರ ಮಗದೂಮನ ಮಗಳು. ಎಲ್ಲರಿಗಿಂತ ಮೊದಲು ಬರುವವಳು, ಕೊನೆಗೆ ಹೋಗುವವಳು. ಅವಳ ಕಣ್ಣು ಒಮ್ಮೆ ಹಿಡಿದದ್ದನ್ನು ಬಿಡುತ್ತಿರಲಿಲ್ಲ. ಕೊಡದ ಬಿರುಕು ಎಷ್ಟು ಕವಲು ಒಡೆದಿದೆ ಎಂದು ಎಣಿಸಿ ಬರೆಯುವಳು. ಹದಿನಾರು ವರ್ಷದಲ್ಲಿ ಇಂಥ ಹುಡುಗಿ ಸಿಕ್ಕಿರಲಿಲ್ಲ. ಬೇರೆ ದಿನವಾಗಿದ್ದರೆ ಮಂದಾಬಾಯಿ ಅವಳನ್ನು ತಲೆಯ ಮೇಲೆ ಹೊತ್ತು ತಿರುಗುತ್ತಿದ್ದಳು. ಈಗ ಅವಳ ಚಪ್ಪಲಿಯ ಸದ್ದು ಕೇಳಿದರೆ ಮೊದಲು ಅಟ್ಟದ ಕಿಂಡಿಯ ಕಡೆ ನೋಡುತ್ತಿದ್ದಳು.

ಗುರುಪೂರ್ಣಿಮೆಯ ದಿನ ಶಾಲೆಯಲ್ಲಿ ಕಾರ್ಯಕ್ರಮವಿತ್ತು. ಪೊಲೀಸ್ ಠಾಣೆಯ ಫೌಜದಾರರೇ ಮುಖ್ಯ ಅತಿಥಿ. ಆ ವರ್ಷ ಎಲ್ಲ ಶಾಲೆಯ ಎಲ್ಲ ಕಾರ್ಯಕ್ರಮಕ್ಕೂ ಪೊಲೀಸರೋ ತಹಶೀಲ್ದಾರರೋ ಅತಿಥಿಗಳು. ಮಂದಾಬಾಯಿ ಎಂಟನೆಯ ತರಗತಿಗೆ 'ನಾನು ಕಂಡ ಮನೆ' ಎಂಬ ವಿಷಯ ಕೊಟ್ಟು, ತಾನು ಶಾಲೆಯ ಹಿತ್ತಲಲ್ಲಿ ಸ್ವಾಗತದ ಹಲಗೆ ಬರೆಯುತ್ತ ಕೂತಳು. ಎರಡು ತಾಸಿನ ಮೇಲೆ ಒಂದು ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಕುಂಚ ಹಿಡಿದು ವರಾಂಡಕ್ಕೆ ಬಂದಾಗ, ಹೆಡ್‌ಮಿಸ್ಟ್ರೆಸ್ ಬರ್ವೆಬಾಯಿ ಒಳ್ಳೆಯ ಚಿತ್ರ ಐದನ್ನು ತಾವೇ ಆರಿಸಿ ಬೋರ್ಡಿಗೆ ಹಚ್ಚಿಸಿದ್ದರು.

ನಡುವಿನದು ಕುಂದಾಳದು. ಅದು ಮಂದಾಬಾಯಿಯ ಅಡಿಗೆಮನೆ. ಒಲೆ, ಗೂಟಕ್ಕೆ ನೇತುಹಾಕಿದ ಮೊರ, ಸವೆದ ಏಣಿ. ಏಣಿಯ ಎರಡನೆಯ ಮೆಟ್ಟಿಲ ಮೇಲೆ ಗೋದಾಬಾಯಿ ನಿಂತು ನೀರಿನ ತಂಬಿಗೆ ಎತ್ತಿ ಹಿಡಿದಿದ್ದಾಳೆ. ಮೇಲಿನ ಕಪ್ಪು ಕಿಂಡಿಯಿಂದ ಒಂದು ಕೈ ಇಳಿದಿದೆ. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು. ಉಳಿದೆರಡರ ಜಾಗದಲ್ಲಿ ಮೊಂಡು ಗಂಟು.

ಮಂದಾಬಾಯಿ ಬೋರ್ಡಿನ ಹತ್ತಿರ ಧಾವಿಸಿದಳು. ಹರಿದು ಬಿಸಾಕಲೇ ಎಂದರೆ ಅದರ ಕೆಳಗೇ ಕುಂದಾ ನಿಂತಿದ್ದಾಳೆ, ಎರಡು ಜಡೆಗೂ ಹೊಸ ರಿಬ್ಬನ್ ಕಟ್ಟಿಕೊಂಡು.

"ಬಾಯೀ, ನನ್ನದು ನಡುವ ಹಚ್ಯಾರ!"

ಮಂದಾಬಾಯಿ ಹೆಡ್‌ಮಿಸ್ಟ್ರೆಸ್ ಕಡೆ ತಿರುಗಿದಳು. "ಬಾಯೀ, ಮಳಿ ಹನಿ ಹಾರಾಕತ್ತೈತಿ. ಚಿತ್ರ ಒಳಗ ಇಡ್ತೀನಿ."

"ಇರಲಿ ಬಿಡ್ರಿ. ಹವಾಲ್ದಾರರ ಮಗಳ ಚಿತ್ರ ತಗದು ಒಳಗಿಟ್ರ ಫೌಜದಾರರು ಏನಂತಾರ?"

ಅಷ್ಟರಲ್ಲಿ ಗೇಟಿನಲ್ಲಿ ಜೀಪು ನಿಂತಿತು. ಫೌಜದಾರರು ಮಳೆಗೆ ತಲೆ ತಗ್ಗಿಸಿಕೊಂಡು, ಚಿತ್ರಗಳ ಕಡೆ ಒಮ್ಮೆ ಕತ್ತು ಅಲ್ಲಾಡಿಸಿ ಸಭಾಂಗಣದೊಳಗೆ ಹೋದರು. ಹಿಂದೆ ಬಂದ ಮಗದೂಮ ಹೋಗಲಿಲ್ಲ. ಟೋಪಿ ಕಂಕುಳಲ್ಲಿ ಸಿಕ್ಕಿಸಿ ಮಗಳ ಪಕ್ಕ ನಿಂತ.

"ಇದು ನಮ್ಮ ಕುಂದಾಂದಾ? ಭಲೇ! ಯಾರ ಮನೀ ಇದು?"

"ಬಾಯಿ ಅವರದು, ಬಾಬಾ."

"ಆಯಿ ತಂಬಿಗಿ ಯಾರಿಗಿ ಕೊಡಾಕತ್ತಾಳ?"

ಮಂದಾಬಾಯಿಯ ನಾಲಿಗೆ ತಾನಾಗಿ ಆಡಿತು. "ಹಂಚು ಸರಸಾಕ ಆಳು ಕರಸಿದ್ವಿರೀ. ಸೋರಿ ಸೋರಿ ಸಾಕಾಗಿತ್ತು."

ಮಗದೂಮ ಹಾಳೆಗೆ ಮೂಗು ತಾಗುವಷ್ಟು ಬಗ್ಗಿದ. "ಒಂದು, ಎರಡು, ಮೂರು..." ಎಂದು ಉಗುರಿನಿಂದ ಎಣಿಸಿದ. ಮತ್ತೊಮ್ಮೆ ಎಣಿಸಿದ. ಅವನ ಖಾಕಿಯಿಂದ ನೆನೆದ ಬಟ್ಟೆಯ ನಾತ ಬರುತ್ತಿತ್ತು. ಮಂದಾಬಾಯಿಗೆ ಕಂಡದ್ದು ಆ ಉಗುರು ಒಂದೇ.

ನಕ್ಕಳು. ಜೋರಾಗಿ, ಕೆಟ್ಟದಾಗಿ ನಕ್ಕಳು.

"ನೋಡ್ರಿ ಹವಾಲ್ದಾರಸಾಹೇಬ್ರ ನಿಮ್ಮ ಮಗಳ ಶಾಣ್ಯಾತನ! ಮನಷಾನ ಕೈಗೆ ಎಷ್ಟು ಬೆರಳು ಅಂತ ಎಂಟನೇ ಕ್ಲಾಸಿಗಿ ಬಂದ್ರೂ ಗೊತ್ತಿಲ್ಲ!" ಎಂದವಳೇ ಕುಂಚವನ್ನು ಡಬ್ಬಿಯಲ್ಲಿ ಅದ್ದಿ, ಆ ಮೊಂಡು ಗಂಟಿನ ಮೇಲೆ ಎರಡು ಕೆಂಪು ಬೆರಳು ಎಳೆದಳು. ದಪ್ಪ ಬಣ್ಣ ತಂಬಿಗೆಯ ಮೇಲೆ, ಗೋದಾಬಾಯಿಯ ಮುಖದ ಮೇಲೆ ಇಳಿಯಿತು.

ಕುಂದಾ ಹೌಹಾರಿದಳು. "ಇಲ್ಲ ಬಾಯೀ! ಮೂರ ಇದ್ದೂ. ನಾ ಎಣಸೇನಿ. ನೀವ ಹೇಳೀರಿ, ಇಲ್ಲದ್ದು ಸೇರಿಸಬ್ಯಾಡ ಅಂತ..."

"ಬಾಯಿ ಮುಚ್ಚು! ತಪ್ಪು ಬರದದ್ದಲ್ದ ಮಂದಿ ಮುಂದ ಎದುರು ಮಾತಾಡ್ತಿ? ಸುಳ್ಳಿ!"

ಉಳಿದ ಹುಡುಗಿಯರು ಕಿಸಕ್ಕೆಂದರು. ಮಗದೂಮ ಮಗಳನ್ನು ನೋಡಿದ, ಟೀಚರನ್ನು ನೋಡಿದ, ಹೂಂ ಎಂದು ಟೋಪಿ ಹಾಕಿಕೊಂಡು ಒಳಗೆ ನಡೆದ. ಆ ಹೂಂ ಯಾವ ಕಡೆಯದು ಎಂದು ತಿಳಿಯಲಿಲ್ಲ.

ಸಭೆಯಲ್ಲಿ ಒಂದೂವರೆ ತಾಸು ಭಾಷಣ. ಎದ್ದು ಹೋದರೆ ಸಂಶಯ, ಕೂತರೆ ಜೀವ ಹೋಗುತ್ತದೆ. ಬಾಗಿಲ ಬಳಿ ನಿಂತಿದ್ದ ಮಗದೂಮ ನಡುವೆ ಒಮ್ಮೆ ಹೊರಗೆ ಹೋದ. ಮಂದಾಬಾಯಿ ಎಣಿಸಿದಳು. ಇಲ್ಲಿಂದ ಠಾಣೆಗೆ ಹತ್ತು ನಿಮಿಷ, ಠಾಣೆಯಿಂದ ಮನೆಗೆ ಹದಿನೈದು. ಅವನು ಬೀಡಿ ಸೇದಿ ವಾಪಸ್ ಬಂದ. ಆಕೆಯ ಅಂಗೈಗೆ ಹತ್ತಿದ್ದ ಕೆಂಪು ಬಣ್ಣ ಸೆರಗಿಗೆಲ್ಲ ಮೆತ್ತಿತ್ತು.

ಮನೆಗೆ ಬಂದು ಹೇಳಿದಾಗ ಭಾಸ್ಕರ ಅಟ್ಟದಿಂದ ಇಳಿದ. ಹಗಲಲ್ಲೇ, ಮೂರೂವರೆಗೆ, ನೂಲಿನ ಗಂಟುಗಳ ಕೈಗಾಡಿಯಲ್ಲಿ ಗೋಣಿತಟ್ಟು ಹೊದ್ದು ಮಲಗಿ ಓಣಿ ದಾಟಿದ. ಗಾಡಿ ತಳ್ಳಿದವನು ಯೂನಿಯನ್ನಿನವನೇ. ಗಾಡಿ ಚೌಕ ತಿರುಗುವವರೆಗೆ ಗೋದಾಬಾಯಿ ಹೊಸ್ತಿಲಲ್ಲಿ ಕೂತು ಬೀದಿಯ ಮಂದಿಗೆಲ್ಲ ಕೇಳುವ ಹಾಗೆ ಸೊಸೆಯನ್ನು ಬೈಯುತ್ತಿದ್ದಳು. ಜಗಳ ನೋಡುವವರು ಗಾಡಿ ನೋಡುವುದಿಲ್ಲ ಎಂಬುದು ಅವಳ ಲೆಕ್ಕ.

ಪೊಲೀಸರು ಆ ದಿನ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಬಂದಿದ್ದರೆ ಒಂದು ತೀರ್ಮಾನವಾದರೂ ಆಗುತ್ತಿತ್ತು. ಬೂಟಿನ ಸದ್ದಾದರೆ ಕೈಯ ಭಾಕರಿ ತಟ್ಟೆಗೆ ಬೀಳುತ್ತಿತ್ತು. ಅಟ್ಟ ಖಾಲಿಯಿದ್ದರೂ ರಾತ್ರಿಯಿಡೀ ಅಲ್ಲಿ ಯಾರೋ ಕೆಮ್ಮಿದಂತಾಗುತ್ತಿತ್ತು. ಮಗದೂಮ ನಂಬಿದನೋ, ಅಥವಾ ತಮ್ಮನ ಜಾಡು ಹಿಡಿಯಲು ತನ್ನನ್ನು ಬೇಕೆಂದೇ ಬಿಟ್ಟಿದ್ದಾನೋ? ಯಾರನ್ನು ಕೇಳುವುದು?

ಸೋಮವಾರ ಕುಂದಾ ಶಾಲೆಗೆ ಬಂದಾಗ ಅವಳ ಬಲಗೈ ಬಾತಿತ್ತು, ಮಣಿಕಟ್ಟಿನ ಮೇಲೆ ಬಾಸುಂಡೆ. ಮಂದಾಬಾಯಿ ಕೇಳಲಿಲ್ಲ. ಕೇಳಿದರೆ ಹುಡುಗಿ ಹೇಳುತ್ತಾಳೆ, ಹೇಳಿದರೆ ತಾನು ಉತ್ತರ ಕೊಡಬೇಕು, ನೀನು ಬರೆದದ್ದೇ ಸರಿ ಎಂದರೆ ಆ ಮಾತು ಸಂಜೆಯೊಳಗೆ ಹವಾಲ್ದಾರನ ಮನೆ ಮುಟ್ಟುತ್ತದೆ. ಬಾಗಿಲ ಕಡೆ ನೋಡುತ್ತ ಪಾಠ ಮಾಡಿದಳು. ಮುಂದಿನ ಭಾನುವಾರ ಕುಂದಾ ಬರಲಿಲ್ಲ. ಸೆಪ್ಟೆಂಬರಿನ ಪರೀಕ್ಷೆಗೂ ಕೂರಲಿಲ್ಲ. ಸಾಲಿನಲ್ಲಿ ಅವಳ ಹಲಗೆ ಖಾಲಿ ಇತ್ತು. ಆ ಹುಡುಗಿಯ ಕೈ ಕಟ್ಟಿದವಳು ತಾನೇ ಎಂದು ಮಂದಾಬಾಯಿಗೆ ಅನ್ನಿಸಿತು. ಅದರ ಜೊತೆಗೇ, ಆ ಕಣ್ಣು ತನ್ನ ಮನೆಯೊಳಗೆ ಇನ್ನು ಬರುವುದಿಲ್ಲವಲ್ಲ ಎಂದು ನಿರಾಳವೂ ಆಯಿತು. ಎರಡೂ ನಿಜ.

ಮಾರ್ಚಿನಲ್ಲಿ ತುರ್ತು ಪರಿಸ್ಥಿತಿ ಹೋಯಿತು. ಭಾಸ್ಕರ ಹಾರ ಹಾಕಿಸಿಕೊಂಡು ಊರಿಗೆ ಬಂದ. ಅವನ ಮೇಲಿನ ಕೇಸು ಮಾತ್ರ ಹೋಗಲಿಲ್ಲ, ಮಗ್ಗದ ಮಾಲೀಕರು ಹಾಕಿದ್ದ ಹೊಡೆದಾಟದ ಕೇಸು ಕೋರ್ಟಿನಲ್ಲಿ ಹಾಗೇ ಇತ್ತು. ಅವನ ಮೆರವಣಿಗೆ ಬಿಟ್ಟು ಮಂದಾಬಾಯಿ ಪೊಲೀಸರ ಸಾಲುಮನೆಗಳಿದ್ದ ಚಾಳಿಗೆ ಹೋದಳು.

ಕುಂದಾ ಒಬ್ಬಳೇ ಮೊರದಲ್ಲಿ ಜೋಳ ಆರಿಸುತ್ತಿದ್ದಳು. ಎದ್ದು ಚಾಪೆ ಹಾಸಿದಳು.

"ಕುಂದಾ, ಅವತ್ತ ನೀ ಬರದದ್ದು ಖರೇ ಇತ್ತವ್ವಾ. ಮೂರ ಬೆರಳು. ಆಂವ ನನ್ನ ತಮ್ಮ."

"ಗೊತ್ತೈತಿ ಬಾಯೀ."

ಇಷ್ಟು ತಿಂಗಳೂ ಮಂದಾಬಾಯಿ ತಾನೇ ಒಂದು ಸಮಾಧಾನ ಕಟ್ಟಿಕೊಂಡಿದ್ದಳು. ಹುಡುಗಿ ಶಾಣ್ಯಾ, ತಿಳಿದುಕೊಂಡು ಸುಮ್ಮನಿದ್ದಳು ಎಂದು. "ನಿಮ್ಮ ಬಾಬಾಗ ಹೇಳಲಿಲ್ಲೇನು ನೀನು?"

"ಹೇಳಿದ್ನಿ. ಮನಿಗಿ ಬಂದು ಆಣಿ ಮಾಡಿ ಹೇಳಿದ್ನಿ, ಮೂರ ಇದ್ದೂ ಅಂತ. ಬಾಯಿ ಅಂಥಾಕಿ ಸುಳ್ಳು ಹೇಳ್ತಾಳಂತೀಯಾ, ಕಲಿಸಿದಾಕಿ ಮ್ಯಾಲ ಆರೋಪ ಹೊರಸ್ತೀಯಾ ಅಂತ ಸೊಂಟದ ಪಟ್ಟಾ ಬಿಚ್ಚಿದ್ರು."

ಜೋಳದಲ್ಲಿ ಸಿಕ್ಕ ಕಲ್ಲನ್ನು ಕುಂದಾ ಅಂಗಳಕ್ಕೆ ಎಸೆದಳು.

"ಈ ವರ್ಷ ಪರೀಕ್ಷೆಗೆ ಕೂಡು ಕುಂದಾ. ಫೀ ನಾ ತುಂಬ್ತೀನಿ. ಆದಿತ್ವಾರ ಮನಿಗಿ ಬಾ."

"ಮೊದಲ ನೀವು ಬಾಬಾಗ ಹೇಳ್ರಿ."

"ಏನಂತ?"

"ಈಗ ನನಗ ಹೇಳಿದ್ದು. ನಾ ಸುಳ್ಳಿ ಅಲ್ಲ ಅಂತ. ಡ್ಯೂಟಿ ಮುಗಿಸಿ ಆರಕ್ಕ ಬರ್ತಾರ. ಕೂಡ್ರಿ, ಚಹಾ ಇಡ್ತೀನಿ."

ಒಬ್ಬ ಹವಾಲ್ದಾರನ ಎದುರು ಕೂತು, ವಾರಂಟಿನವನನ್ನು ಅಟ್ಟದಲ್ಲಿಟ್ಟುಕೊಂಡಿದ್ದೆ, ನಿಮ್ಮ ಕಣ್ಣಿಗೆ ಬಣ್ಣ ಹಚ್ಚಿದೆ ಎಂದು ಹೇಳಬೇಕು. ತಮ್ಮನ ಕೇಸು ಇನ್ನೂ ನಡೆದಿದೆ, ತನ್ನದು ಸರ್ಕಾರದ ಅನುದಾನದ ನೌಕರಿ, ಮನೆಯಲ್ಲಿ ಮುದುಕಿ. ಮಂದಾಬಾಯಿ ಎದ್ದಳು. ಬಾಗಿಲತನಕ ಹೋಗಿ ಚಪ್ಪಲಿ ಮೆಟ್ಟಿದಳು ಕೂಡ. ಹಿಂದೆ ಕುಂದಾ ತಡೆಯಲೂ ಇಲ್ಲ, ಕರೆಯಲೂ ಇಲ್ಲ. ಸ್ಟವ್ವಿಗೆ ಗಾಳಿ ಹೊಡೆಯುವ ಸದ್ದು ಬರುತ್ತಿತ್ತು.

ಚಪ್ಪಲಿ ಬಿಟ್ಟು ಮತ್ತೆ ಬಂದು ಚಾಪೆಯ ಮೇಲೆ ಕೂತಳು. ಐದೂಮುಕ್ಕಾಲಿಗೆ ಚಾಳಿನ ಕಲ್ಲುಹಾಸಿನ ಮೇಲೆ ಬೂಟುಗಳು ಬಂದವು. ಮೂರ ಬೆರಳು ಎಂಬ ಮಾತನ್ನು ನಾಲಿಗೆಯ ತುದಿಗೆ ತಂದುಕೊಂಡು ಮಂದಾಬಾಯಿ ಬಾಗಿಲ ಕಡೆ ನೋಡಿದಳು.